ಮುಂಬೈ ಲೋಕಲ್‌ಗಳಿಗೆ ಎರಡು ವೋಲ್ಟೇಜಿನ ಗಾಡಿಗಳು ಏಕೆ ಬೇಕಾದವು?

ಡೊಂಬಿವಲಿಗೆ ಹೊಸದಾಗಿ ಬಂದಿರುವ ನೀವು ಎರಡು ವಿಷಯ ಕೇಳಿದ್ದೀರಿ: ಲೋಕಲ್‌ನಲ್ಲಿ ಕೆಲವೆಡೆ ದೀಪ, ಫ್ಯಾನು ಕ್ಷಣಕಾಲ ನಿಲ್ಲುವುದೇಕೆ, ಹಿಂದೆ ಎರಡು ವೋಲ್ಟೇಜಿನಲ್ಲಿ ಓಡುವ ಗಾಡಿಗಳನ್ನು ತಂದದ್ದೇಕೆ. ಲೋಕಲ್ ಗಾಡಿಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವ ಕಾರ್‌ಶೆಡ್‌ನ ವಿದ್ಯುತ್ ವಿಭಾಗದಲ್ಲಿ ದುಡಿದವನಾಗಿ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು ಸುಲಭ. ಮೇಲಿನ ತಂತಿಗೆ ಬೇರೆ ಬೇರೆ ಫೇಸ್‌ಗಳಿಂದ (ಏರಿಳಿತದ ಹೊತ್ತು ಬೇರೆಯಾಗಿರುವ ಸಾಲುಗಳಿಂದ) ವಿದ್ಯುತ್ ಬರುವ ಎರಡು ಭಾಗಗಳ ನಡುವೆ ವಿದ್ಯುತ್ತಿಲ್ಲದ ಒಂದು ತುಂಡು ಇರುತ್ತದೆ. ಅಲ್ಲಿ ಗಾಡಿ ತನ್ನ ವೇಗದಲ್ಲೇ ಉರುಳಿ ದಾಟುತ್ತದೆ. ಫ್ಯಾನುಗಳ ಸದ್ದಡಗಿ ಚಕ್ರದ ಸದ್ದು ಮಾತ್ರ ಕೇಳುತ್ತದೆ, ಬ್ಯಾಟರಿಯ ಒಂದೆರಡು ದೀಪ ಉರಿಯುತ್ತಿರುತ್ತವೆ.

ಎರಡನೆಯದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ (ಇಂದಿನ ಸಿಎಸ್‌ಎಂಟಿ) ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1500 ವೋಲ್ಟ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿನಲ್ಲಿ. ರೈಲ್ವೆ 25,000 ವೋಲ್ಟ್ ಎಸಿಯನ್ನು, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತನ್ನು, ಒಪ್ಪಿಕೊಂಡದ್ದು 1957ರಲ್ಲಿ. ಅಷ್ಟರಲ್ಲಿ ಮುಂಬೈ ಜಾಲ ಡಿಸಿಯಲ್ಲೇ ಬೆಳೆದುಬಿಟ್ಟಿತ್ತು. ಗಾಡಿಯೊಂದಕ್ಕೆ 3000 ಕಿಲೋವ್ಯಾಟ್ ಬೇಕೆಂದಿಟ್ಟುಕೊಳ್ಳಿ. ಡಿಸಿಯಲ್ಲಿ ತಂತಿಯಿಂದ 2000 ಆಂಪಿಯರ್ ಎಳೆಯಬೇಕು, ಎಸಿಯಲ್ಲಿ ಸುಮಾರು 120 ಸಾಕು. ಇದರಿಂದಾಗಿಯೇ ಡಿಸಿಗೆ ದಪ್ಪ ತಂತಿಯೂ ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ನೂ ಬೇಕಾಗುತ್ತವೆ. ಒಂಬತ್ತು ಡಬ್ಬಿಗಳ ಗಾಡಿಗಳು ಹನ್ನೆರಡಾಗಿ, ಅವುಗಳ ಸಂಖ್ಯೆಯೂ ಏರಿದಾಗ ಆ ವ್ಯವಸ್ಥೆ ತಾಳದಾಯಿತು.

ಆದರೆ ದಿನಕ್ಕೆ ಲಕ್ಷಾಂತರ ಜನ ಕೆಲಸಕ್ಕೆ ಹೋಗುವ ಮಾರ್ಗವನ್ನು ಒಂದೇ ರಾತ್ರಿಯಲ್ಲಿ ಬದಲಿಸಲಾಗದು. 25,000 ವೋಲ್ಟಿನ ತಂತಿಗೆ ಸೇತುವೆಗಳ ಅಡಿಯಲ್ಲಿ ಹೆಚ್ಚು ಅಂತರ ಬೇಕು. ಹಳೆಯ ಮೇಲ್ಸೇತುವೆಗಳಿರುವ ದಕ್ಷಿಣ ಮುಂಬೈಯಲ್ಲಿ ಇದು ಬಹಳ ಕಷ್ಟದ ಕೆಲಸ. ಹೀಗಾಗಿ ಒಂದೊಂದೇ ಭಾಗವನ್ನು ಎಸಿಗೆ ತರಬೇಕಾಯಿತು, ಅಷ್ಟೂ ವರ್ಷ ಎರಡೂ ಕಡೆ ಓಡಬಲ್ಲ ಗಾಡಿ ಅನಿವಾರ್ಯವಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪರಿವರ್ತನೆಯ ಬೆನ್ನೆಲುಬು ಈ ಗಾಡಿಗಳೇ. ತಂತಿಯ ಕೆಲಸ ಪತ್ರಿಕೆಗಳಲ್ಲಿ ಬಂತು, ಇವುಗಳ ಪಾಲನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

2007ರಿಂದ ಓಡಿದ, ಸೀಮೆನ್ಸ್ ವಿದ್ಯುತ್ ಉಪಕರಣಗಳಿದ್ದ ಬಿಳಿ-ನೇರಳೆ ಗಾಡಿಗಳನ್ನೇ ನೋಡಿ. ಎಸಿ ತಂತಿಯಡಿ ಬಂದ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ಪರಿವರ್ತಕ ಅದನ್ನು ಡಿಸಿ ಮಾಡುತ್ತದೆ. ಡಿಸಿ ತಂತಿಯಡಿ ಇವೆರಡನ್ನೂ ಬಿಟ್ಟು ವಿದ್ಯುತ್ ಫಿಲ್ಟರಿನ ಮೂಲಕ ನೇರ ಒಳಬರುತ್ತದೆ. ಅಲ್ಲಿಂದ ಮುಂದೆ ದಾರಿ ಒಂದೇ: ಡಿಸಿಯನ್ನು ಮತ್ತೆ ಎಸಿ ಮಾಡುವ ಇನ್ವರ್ಟರ್, ಆಮೇಲೆ ಮೂರು ಫೇಸ್ ಮೋಟಾರು. ಎರಡು ವ್ಯವಸ್ಥೆಗಳು ಕೂಡುವಲ್ಲಿಯೂ ವಿದ್ಯುತ್ತಿಲ್ಲದ ತುಂಡಿತ್ತು. ಮೋಟರ್‌ಮನ್ ಅಲ್ಲಿನ ಫಲಕ ನೋಡಿ ವಿದ್ಯುತ್ ಕಡಿದು ದಾಟುತ್ತಿದ್ದರು. ಆಚೆ ಮೇಲಿರುವುದು ಯಾವ ವೋಲ್ಟೇಜೆಂದು ಗಾಡಿಯೇ ಅಳೆದು ಖಚಿತವಾಗುವವರೆಗೆ ತಂತಿಯ ವಿದ್ಯುತ್ತನ್ನು ಗಾಡಿಗೆ ಜೋಡಿಸುವ ಸ್ವಿಚ್ಚಾದ ಬ್ರೇಕರ್ ಕೂಡುತ್ತಿರಲಿಲ್ಲ. 1500 ವೋಲ್ಟಿನ ಉಪಕರಣಕ್ಕೆ 25,000 ವೋಲ್ಟ್ ತಗುಲಿದರೆ ಉಳಿಯುವುದೇನೂ ಇಲ್ಲವಾದ್ದರಿಂದ ಶೆಡ್‌ನಲ್ಲಿ ಈ ಪರೀಕ್ಷೆಯನ್ನು ನಾವು ಎಂದೂ ಅವಸರದಲ್ಲಿ ಮುಗಿಸುತ್ತಿರಲಿಲ್ಲ.

ಪಶ್ಚಿಮ ಮಾರ್ಗದ ಚರ್ಚ್‌ಗೇಟ್–ವಿರಾರ್ ಭಾಗ 2012ರಲ್ಲಿ, ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರಲ್ಲಿ, ಹಾರ್ಬರ್ ಮಾರ್ಗ 2016ರ ಏಪ್ರಿಲ್‌ನಲ್ಲಿ ಎಸಿಗೆ ಬಂದವು. ಹಾರ್ಬರ್ ಬದಲಾದ ಮೇಲೆ ಎರಡು ವೋಲ್ಟೇಜಿನ ಅಗತ್ಯವೇ ಇಲ್ಲವಾಯಿತು. ಅದಕ್ಕೆಂದು ಕಟ್ಟಿದ ಗಾಡಿಗಳು ಎಸಿಯೊಂದರಲ್ಲೇ ಓಡತೊಡಗಿದವು.