ಧ್ಯಾನ ಮಾಡಿ ಎದ್ದ ಅರ್ಧ ಗಂಟೆಗೇ ಸಿಟ್ಟು ಯಾಕೆ?

ಆರು ತಿಂಗಳಿಂದ ದಿನಾ ಧ್ಯಾನ ಮಾಡಿದರೂ ಮಕ್ಕಳ ಮೇಲೆ ರೇಗುವುದು ನಿಂತಿಲ್ಲ ಅಂದಿದ್ದೀರಿ. ನಿಮ್ಮ ಧ್ಯಾನ ತಪ್ಪಾಗಿಲ್ಲ ಅನ್ಸುತ್ತೆ, ಚಾಪೆ ಸುತ್ತಿಟ್ಟ ಕೂಡಲೇ ಅದು ಅಲ್ಲಿಗೇ ಮುಗಿದುಹೋಗುತ್ತಿದೆ ಅಷ್ಟೆ. ಯೋಗಸೂತ್ರ ಬರೆದ ಪತಂಜಲಿ ಹೇಳುವ ಯೋಗದ 8 ಅಂಗಗಳಲ್ಲಿ ಧ್ಯಾನ 7ನೆಯದು. ಮೊದಲನೆಯದು ಯಮ, ಅಂದರೆ ಬೇರೆಯವರ ಜೊತೆ ನಾವು ಹೇಗಿರುತ್ತೇವೆ ಅನ್ನೋದು, ಅದರಲ್ಲೂ ಮೊದಲು ಬರುವುದು ಅಹಿಂಸೆ. ನಾನೂ ಇದನ್ನು ಬಹಳ ದಿನ ಬಿಟ್ಟೇ ಕೂತಿದ್ದೆ.

ನಾಳೆ ಕಣ್ಣು ತೆರೆದ ತಕ್ಷಣ ಏಳಬೇಡಿ, ಮೊಬೈಲ್ ಮುಟ್ಟಬೇಡಿ. ಇವತ್ತು ಯಾವಾಗ ರೇಗಬಹುದು ಅಂತ ಒಂದೇ ಒಂದು ಸಂದರ್ಭ ನೆನೆಸಿಕೊಳ್ಳಿ, ಶಾಲೆಗೆ ಹೊರಡುವಾಗ ಶೂ ಸಿಗದ ಗಲಾಟೆ ಅಂತಿಟ್ಟುಕೊಳ್ಳಿ. ಆ ಹೊತ್ತು ಬಂದಾಗ ಸಿಟ್ಟನ್ನು ಅದುಮಬೇಡಿ, ಮೈಯಲ್ಲಿ ಅದು ಎಲ್ಲಿ ಶುರುವಾಗುತ್ತದೆ ನೋಡಿ. ನನಗೆ ಮೊದಲು ದವಡೆ ಬಿಗಿಯುತ್ತದೆ, ಮಾತು ಬರುವುದು ಅದಾದ ಮೇಲೆ. ಆ ಸಣ್ಣ ಸಂದಿಯಲ್ಲಿ ಒಂದು ಉಸಿರು ನಿಧಾನಕ್ಕೆ ಹೊರಗೆ ಬಿಡಿ. ಆಮೇಲೆ ಯೋಗಸೂತ್ರ 2.33ರಲ್ಲಿ ಬರುವ ಪ್ರತಿಪಕ್ಷ ಭಾವನೆ: ಈ ಮಾತು ಆಡಿದರೆ ಮಗುವಿಗೂ ನನಗೂ ನೋವೇ ಅಲ್ವಾ ಅಂತ ಮನಸ್ಸನ್ನು ಆ ಕಡೆ ತಿರುಗಿಸುವುದು. ಒಂದು ವಾರ ಇದೊಂದೇ ಸಂದರ್ಭ ಸಾಕು, ಜಾಸ್ತಿ ಬೇಡ.

ನಿದ್ದೆ ಕಡಿಮೆಯಾದರೂ ಹೀಗೇ ಆಗುತ್ತದೆ, ನಿಮ್ಮದು ಅದೋ ಇದೋ ದೂರದಿಂದ ಹೇಳಲಾರೆ. ಆ ವಾರ ಬೇಗ ಮಲಗಿಯೂ ನೋಡಿ. ರೇಗಿಬಿಟ್ಟ ದಿನ ಸುಮ್ನೆ ಕೊರಗಬೇಡಿ, ಮಗುವಿನ ಹತ್ತಿರ ಕೂತು ತಪ್ಪಾಯ್ತು ಅನ್ನಿ, ಮರುದಿನ ಅದೇ ಸಂದರ್ಭವನ್ನು ಮತ್ತೆ ಹಿಡಿಯಿರಿ.