ಗಣಿತ ಪ್ರಶ್ನೋತ್ತರ: ಹತ್ತು ನಿಮಿಷದ ಮಾತಿಗೆ 54 ಸಾಲು

ಪ್ರಶ್ನೆ: ಗುರುಗಳೇ, ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಭಾಗದ ಪದವಿ ಕಾಲೇಜುಗಳ ಗಣಿತ ಅಧ್ಯಾಪಕರು, ವಿದ್ಯಾರ್ಥಿಗಳು ಸೇರುವ ಒಂದು ದಿನದ ಸಮಾವೇಶ ಬಳ್ಳಾರಿಯಲ್ಲಿದೆ. ಹತ್ತು ನಿಮಿಷ ಮಾತನಾಡಲು ನಮ್ಮ ಮೇಡಂ ನನ್ನ ಹೆಸರು ಕೊಟ್ಟುಬಿಟ್ಟಿದ್ದಾರೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾಪ್ರೇಕರ್ ಅವರ 6174 ಕುರಿತು ಹೇಳೋಣವೆಂದಿದ್ದೇನೆ. ಅಷ್ಟು ಅಧ್ಯಾಪಕರ ಎದುರು ಅದು ಮಕ್ಕಳಾಟವೆನಿಸುವುದಿಲ್ಲವೇ?
— ಓದುಗಿ, ಸಿಂಧನೂರು

ಉತ್ತರ: ಇಲ್ಲ ತಂಗಿ. ಆದರೆ ಬರೀ ಚಮತ್ಕಾರ ತೋರಿಸಿ ಕೆಳಗಿಳಿದರೆ ಹಾಗೆ ಅನಿಸಬಹುದು.

ಉಳಿದ ಓದುಗರಿಗಾಗಿ ವಿಷಯ ಹೇಳುತ್ತೇನೆ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, 2024 ಎನ್ನೋಣ. ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಜೋಡಿಸಿ ಕಳೆಯಿರಿ: 4220ರಲ್ಲಿ 0224 ಕಳೆದರೆ 3996. ಹಾಗೆಯೇ ಮುಂದುವರಿಸಿದರೆ 6264, 4176, ಆಮೇಲೆ 6174. ಅಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ. ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಕಾಪ್ರೇಕರ್ ಇದನ್ನು ಜನರ ಮುಂದಿಟ್ಟದ್ದೂ ಇಂಥದೇ ಸಭೆಯಲ್ಲಿ, 1949ರ ಮದ್ರಾಸ್ ಗಣಿತ ಸಮ್ಮೇಳನದಲ್ಲಿ. ಅವರು ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು.

ನೀನು ಹೇಳಬೇಕಾದದ್ದು ಇದರ ಒಳಗುಟ್ಟನ್ನು. ಇಳಿಕೆಯಲ್ಲಿ ಜೋಡಿಸಿದಾಗ ಮೊದಲ ಮತ್ತು ಕೊನೆಯ ಅಂಕಿಗಳ ವ್ಯತ್ಯಾಸವನ್ನು 999ರಿಂದ, ನಡುವಿನ ಎರಡರ ವ್ಯತ್ಯಾಸವನ್ನು 90ರಿಂದ ಗುಣಿಸಿ ಕೂಡಿದರೆ ಉತ್ತರ ಸಿದ್ಧ. 4220ಕ್ಕೆ ಆ ವ್ಯತ್ಯಾಸಗಳು 4 ಮತ್ತು 0, ಅದಕ್ಕೇ 3996. ಹೊರಗಿನ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ಒಳಗಿನದು ಅದನ್ನು ಮೀರುವಂತಿಲ್ಲ. ಎಣಿಸಿ ನೋಡು: ಒಟ್ಟು 54 ಜೋಡಿ, ಅಷ್ಟೇ! ಸಾವಿರಾರು ಸಂಖ್ಯೆಗಳು ಮೊದಲ ಹೆಜ್ಜೆಯಲ್ಲೇ 54ಕ್ಕೆ ಇಳಿದುಬಿಡುತ್ತವೆ. ಆ 54ನ್ನೂ ನಿನ್ನ ಕೈಯಾರೆ 6174ರವರೆಗೆ ನಡೆಸಿ ಪಟ್ಟಿ ಮಾಡು. (ಮೂರೇ ಅಂಕಿ ಬಂದರೆ ಮುಂದೆ ಸೊನ್ನೆ ಇಟ್ಟುಕೋ.) ಅದು ಪೂರ್ಣ ಪುರಾವೆ, ಯಾವ ಪ್ರಾಧ್ಯಾಪಕರೂ ತೆಗೆದುಹಾಕುವಂತಿಲ್ಲ. ಮೂರಂಕಿಗೆ ಏನಾಗುತ್ತದೆ ಎಂದು ಖಂಡಿತ ಕೇಳುತ್ತಾರೆ. 495 ಎನ್ನು.

ಕನ್ನಡದಲ್ಲೇ ಮಾತನಾಡು. ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ. ಅಳುಕಬೇಕಾದ ಕಾರಣವೇ ಇಲ್ಲ.

ಊಟದ ಹೊತ್ತನ್ನು ಮಾತ್ರ ಕಳೆದುಕೊಳ್ಳಬೇಡ. ನಾನು ಹೊಸದಾಗಿ ಪಾಠಕ್ಕೆ ನಿಂತ ವರ್ಷ ರಾಯಚೂರಿನ ಇಂಥ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತಿದ್ದೆ. ಊಟದ ಸಾಲಿನಲ್ಲಿ ಧೈರ್ಯ ಮಾಡಿ ಹಿರಿಯರೊಬ್ಬರನ್ನು ಕೇಳಿದೆ: ತುಂಡಾಗದ ರೇಖೆಗಳ ಸಾಲು ಕೊನೆಗೆ ತುಂಡಾದದ್ದನ್ನು ಕೊಡುವುದು ಹೇಗೆ? ಅವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಸೊನ್ನೆಯಿಂದ ಒಂದರವರೆಗೆ ಎಕ್ಸ್‌ನ ವರ್ಗ, ಘನ, ಹತ್ತನೇ ಘಾತ ಎಂದು ಮೂರು ರೇಖೆ ಎಳೆದರು. ಘಾತ ಏರಿದಂತೆ ರೇಖೆ ನೆಲಕ್ಕೆ ಒರಗುತ್ತಿತ್ತು, ಒಂದರ ಬಳಿ ಮಾತ್ರ ನೆಟ್ಟಗೆ ಏಳುತ್ತಿತ್ತು. ಎರಡು ವರ್ಷ ಪುಸ್ತಕದಲ್ಲಿ ಕಾಣದ್ದು ಎರಡು ನಿಮಿಷದಲ್ಲಿ ಕಂಡಿತು. ಆ ಕಾಗದ ಈಗಲೂ ನನ್ನ ಬಳಿ ಇದೆ.

ಸಿರುಗುಪ್ಪದ ಮೇಲೆ ಹೋಗುವ ಮುಂಜಾನೆಯ ಬಸ್ಸನ್ನೇ ಹಿಡಿ. ಪಟ್ಟಿ ಮುಗಿದ ಮೇಲೆ ಒಂದು ಪ್ರತಿ ನನಗೂ ಕಳುಹಿಸು, 54 ಸಾಲನ್ನೂ ಕೂತು ನೋಡುತ್ತೇನೆ.