250 ಓಮ್ ಹೆಡ್‌ಫೋನಿಗೆ ಯಾವ ಇಂಟರ್‌ಫೇಸ್?

ನಿಮ್ಮ ಡಿಟಿ 770 ಪ್ರೊ ಹೆಡ್‌ಫೋನ್ 250 ಓಮ್‌ನದು (ಓಮ್ ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ, ಇಂಪೆಡೆನ್ಸ್), ಈಗಿನ ಆಡಿಯೋ ಇಂಟರ್‌ಫೇಸಿನ (ಮೈಕು, ಹೆಡ್‌ಫೋನನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆ) ನಾಬ್ ಪೂರ್ತಿ ತಿರುಗಿಸಿದರೂ ಸದ್ದು ಸಾಲದು ಅಂದಿದ್ದೀರಿ. ಹೊಸ ಇಂಟರ್‌ಫೇಸ್ ನೋಡುವಾಗ ಮಿಲಿವ್ಯಾಟ್ ಅಂಕಿ ಒಂದನ್ನೇ ನಂಬಬೇಡಿ, ಅದು ಎಷ್ಟು ಓಮ್‌ಗೆ ಅಳೆದದ್ದು ಅಂತ ನೋಡಿ. '33 ಓಮ್‌ಗೆ 30 ಮಿಲಿವ್ಯಾಟ್' ಅಂದರೆ ಸುಮಾರು 1 ವೋಲ್ಟ್. ಅದೇ 1 ವೋಲ್ಟ್‌ಗೆ 250 ಓಮ್‌ನಲ್ಲಿ ಸಿಗೋದು ಬರೀ 4 ಮಿಲಿವ್ಯಾಟ್. ನಿಮ್ಮ ಹೆಡ್‌ಫೋನ್ 1 ಮಿಲಿವ್ಯಾಟ್‌ಗೆ 96 ಡೆಸಿಬಲ್ ಕೊಡುತ್ತೆ, ಹಾಗಾಗಿ 102ಕ್ಕೆ ಕಥೆ ಮುಗೀತು. ಮಾಸ್ಟರ್ ಆದ, ಅಂದರೆ ಬಿಡುಗಡೆಗೆ ಸದ್ದು ಏರಿಸಿ ಸಿದ್ಧಮಾಡಿದ ಸಿನಿಮಾ ಹಾಡಿಗೆ ಅದು ಧಾರಾಳ. ಆದರೆ ಹೆಡ್‌ರೂಮ್ (ಸದ್ದು ಒಡೆಯದಂತೆ ಮೇಲೆ ಬಿಡುವ ಜಾಗ) ಬಿಟ್ಟು ರೆಕಾರ್ಡ್ ಮಾಡಿದ ಕಚ್ಚಾ ಟ್ರ್ಯಾಕ್ ಸರಾಸರಿ ಮೈನಸ್ 18ರ ಆಸುಪಾಸಿನಲ್ಲಿ, ಅಂದರೆ ಡಿಜಿಟಲ್ ಗರಿಷ್ಠ ಮಟ್ಟಕ್ಕಿಂತ 18 ಡೆಸಿಬಲ್ ಕೆಳಗಿರುತ್ತೆ, ಅಲ್ಲೇ ಸೊರಗೋದು. ಪೀಕ್ 110 ಡೆಸಿಬಲ್ ಮುಟ್ಟಬೇಕಾದರೆ 25 ಮಿಲಿವ್ಯಾಟ್, ಅಂದರೆ 250 ಓಮ್‌ಗೆ 2.5 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ವೋಲ್ಟೇಜಿನ ಒಂದು ಬಗೆಯ ಸರಾಸರಿ) ಬೇಕು. ಸ್ಪೆಕ್ ಶೀಟ್‌ನಲ್ಲಿ ಹುಡುಕಬೇಕಾದ್ದು ಇದನ್ನೇ.

ಔಟ್‌ಪುಟ್ ಇಂಪೆಡೆನ್ಸ್ (ಇಂಟರ್‌ಫೇಸಿನ ಹೆಡ್‌ಫೋನ್ ಔಟ್‌ನದೇ ತಡೆ) ಬಗ್ಗೆ 250 ಓಮ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ 32 ಓಮ್‌ನ ಹೆಡ್‌ಫೋನ್ ಹಾಕುವುದಾದರೆ ಅದು 4 ಓಮ್ ಒಳಗಿರಲಿ.

ಈಗಿನ ಇಂಟರ್‌ಫೇಸ್ ಉಳಿದಂತೆ ಚೆನ್ನಾಗಿದ್ದರೆ ಅದರ ಲೈನ್ ಔಟ್‌ಗಳಿಂದ (ಸ್ಪೀಕರ್ ಅಥವಾ ಆಂಪ್‌ಗೆ ಹೋಗುವ ಔಟ್‌ಗಳು) ಬೇರೆ ಹೆಡ್‌ಫೋನ್ ಆಂಪ್‌ಗೆ ಕೇಬಲ್ ಎಳೆದರೆ ಸಾಕು, ಖರ್ಚೂ ಕಡಿಮೆ. ಹೆಡ್‌ಫೋನನ್ನೇ ನೇರವಾಗಿ ಲೈನ್ ಔಟ್‌ಗೆ ಚುಚ್ಚಬೇಡಿ: ಅದು ಬ್ಯಾಲೆನ್ಸ್ಡ್ ಮೋನೋ (ಒಂದೇ ಚಾನೆಲನ್ನು ನೇರವಾಗಿಯೂ ತಿರುಗಿಸಿಯೂ ಎರಡು ತಂತಿಗಳಲ್ಲಿ ಕಳಿಸೋದು), ಎರಡು ಕಿವಿಗೂ ಒಂದೇ ಚಾನೆಲ್, ಒಂದಕ್ಕೆ ಫೇಸ್ ಉಲ್ಟಾ. ಅಂಗಡಿಯವರು ಬದಲಾಯಿಸಿ ಕೊಟ್ಟರೆ ಇದೇ ಹೆಡ್‌ಫೋನಿನ 80 ಓಮ್‌ನದೂ ಆಗಬಹುದು, ಅದೇ 1 ವೋಲ್ಟ್‌ಗೆ 107 ಡೆಸಿಬಲ್ ಬರುತ್ತೆ.